ಮೂರು, ನಾಲ್ಕು, ಒಂಬತ್ತು

ನನ್ನ ಹೆಂಡತಿಯನ್ನು ಬೀದಿಯವರೆಲ್ಲ ಕರೆಯುವುದು ತ್ರಿಕೋನದ ಟೀಚರ್ ಎಂದು. ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಡುವವಳು. ನಾಲ್ಕು ಮರದ ಪಟ್ಟಿಗೆ ಮೊಳೆ ಹೊಡೆದು ಚೌಕ ಮಾಡಿ ಅಲ್ಲಾಡಿಸಿ ತೋರಿಸುತ್ತಿದ್ದಳು. ಆಮೇಲೆ ಮೂರು ಪಟ್ಟಿಯದನ್ನು ಕೈಗೆ ಕೊಟ್ಟು, "ಇದನ್ನ ಅಲ್ಲಾಡಿಸ್ರೋ ನೋಡೋಣ" ಎನ್ನುತ್ತಿದ್ದಳು. ಗಟ್ಟಿಗರೂ ಬೆವರು ಸುರಿಸಿದ್ದೇ ಬಂತು. ನಾನೋ ಬಸ್ ಡ್ರೈವರ್. ಮದುವೆಗೆ ಮುಂಚೆ "ಎಷ್ಟರವರೆಗೆ ಓದಿದ್ದೀರಿ?" ಎಂದು ಕೇಳಿದ್ದಳು. "ಲೆಕ್ಕ ಅಡ್ಡ ಬರೋವರೆಗೂ" ಎಂದಿದ್ದೆ. ನಕ್ಕಳು, ಒಪ್ಪಿಕೊಂಡುಬಿಟ್ಟಳು.

ಅಂಥವಳು ಒಂದು ದಿನ ಪಾಠ ಮಾಡುತ್ತಲೇ ಕುಸಿದು ಬಿದ್ದಳು. ಮೆದುಳಿಗೆ ರಕ್ತ ಹೋಗುವುದು ನಿಂತಿತ್ತಂತೆ. ಜೀವ ಉಳಿಯಿತು, ಬಲಗೈ ನಡುಗತೊಡಗಿತು, ಮಾತು ಬರೀ "ಹೂಂ", "ಬೇಡ"ಕ್ಕೆ ಇಳಿಯಿತು. ಮನೆಗೆ ಬಂದ ಮೇಲೆ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ನೋಡುತ್ತಿರುವುದು ಅವಳೇ ಹೌದೋ ಅಲ್ಲವೋ ಎಂದು ನನಗೆ ಭಯವಾಗುತ್ತಿತ್ತು.

"ದಿನಾ ಮಾಡ್ತಿದ್ದ ಕೆಲಸ ಕೊಡಿ" ಎಂದರು ಡಾಕ್ಟರು. ಅವಳ ಪಾಠದ ಪುಸ್ತಕ ತೆಗೆದು ಓದಿದೆ: ಎರಡು ಕೋನ ಐವತ್ತು, ಅರವತ್ತು, ಮೂರನೆಯದೆಷ್ಟು? ಎಪ್ಪತ್ತು ಎಂದು ಸೊಟ್ಟಸೊಟ್ಟಗೆ ಬರೆದಳು. ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿದೆ, ಸರಿ! ನಾನು ಕುಣಿದಾಡಿದೆ. ಡಾಕ್ಟರು ಕುಣಿಯಲಿಲ್ಲ.

"ವರ್ಷಗಟ್ಟಲೆ ಹೇಳಿಕೊಟ್ಟಿದ್ದು, ಬಾಯಿಪಾಠ ಆಗಿರುತ್ತೆ. ಪುಸ್ತಕದಲ್ಲಿ ಇಲ್ಲದ್ದು ಕೊಡಿ. ಯೋಚನೆ ಮಾಡೋ ಶಕ್ತಿ ಉಳಿದಿದೆಯಾ ಅಂತ ಆಗ ಗೊತ್ತಾಗುತ್ತೆ."

ಪುಸ್ತಕದಲ್ಲಿ ಇಲ್ಲದ್ದನ್ನು ಎಲ್ಲಿಂದ ತರಲಿ? ಮೂರು ಬಾಹುಗಳ ಅಳತೆ ಕೊಟ್ಟು ತ್ರಿಕೋನ ರಚಿಸಿ ಎನ್ನುವ ಲೆಕ್ಕಗಳಿದ್ದವು. ಅಳತೆ ಬದಲಾಯಿಸಿದರೆ ಹೊಸ ಲೆಕ್ಕ, ಅದೇನು ಬ್ರಹ್ಮವಿದ್ಯೆಯೇ!

"ಮೂರು, ನಾಲ್ಕು, ಒಂಬತ್ತು ಸೆಂಟಿಮೀಟರ್. ಎಳೀರಿ ನೋಡೋಣ ಟೀಚರಮ್ಮ" ಎಂದು ಹಾಳೆ, ಸ್ಕೇಲು, ಕೈವಾರ ಮುಂದಿಟ್ಟೆ.

ಒಂಬತ್ತರ ಗೆರೆ ಎಳೆದಳು. ಒಂದು ತುದಿಯಲ್ಲಿ ಕೈವಾರ ಊರಿ ಮೂರರ ಕಂಸ ಹಾಕಿದಳು, ಇನ್ನೊಂದು ತುದಿಯಿಂದ ನಾಲ್ಕರದು. ಅವೆರಡೂ ಒಂದನ್ನೊಂದು ಮುಟ್ಟಲಿಲ್ಲ. ಅಳಿಸಿ ಮತ್ತೆ ಹಾಕಿದಳು. ಮುಟ್ಟಲಿಲ್ಲ.

"ಕೈ ನಡುಗ್ತಿದೆ, ಅದಕ್ಕೇ. ನಿಧಾನ" ಎಂದು ಹಾಳೆ ಹಿಡಿದುಕೊಂಡೆ.

ಮೂರನೆಯ ಸಲ ಕೈವಾರದ ಮೊನೆಗೆ ಹಾಳೆಯೇ ಹರಿಯಿತು. ಅವಳ ಕಣ್ಣಿನಿಂದ ನೀರು ಇಳಿಯಿತು. ಕೈವಾರ ಕೆಳಗಿಟ್ಟು ಹಾಳೆಯನ್ನೇ ದಿಟ್ಟಿಸುತ್ತಾ ಕೂತಳು. ಕರೆದೆ, ತಿರುಗಲಿಲ್ಲ. ಮುಗಿಯಿತು ಅಂದುಕೊಂಡೆ. ಶಾಲೆಯ ಮಕ್ಕಳು ಮಾಡುವ ಲೆಕ್ಕ, ಅದೂ ಆಗುತ್ತಿಲ್ಲ. ಹಾಳಾದ ಡಾಕ್ಟರು, ಹಾಳಾದ ಲೆಕ್ಕ! ಇವಳು ಇನ್ನು ಮೊದಲಿನಂತಾಗುವುದಿಲ್ಲ ಎಂದು ತಿಳಿಯದೇ ಇದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

"ಬಿಡೇ, ಸಾಕು. ಲೆಕ್ಕ ಬರದಿದ್ರೆ ಹಾಳಾಗಿ ಹೋಗ್ಲಿ, ನಾನಿದ್ದೀನಲ್ಲ" ಎಂದೆ. ಹಾಳೆ ತೆಗೆಯಲು ಕೈ ಚಾಚಿದೆ. ಪಟ್ಟನೆ ಕೈ ಮೇಲೆ ಒಂದು ಏಟು ಬಿತ್ತು.

"ಮೂರು... ನಾಲ್ಕು..." ಎಂದಳು. ತುಟಿ ಅದುರಿತು. "ಏಳು."

ನಾನು ಅವಳತ್ತ ಬಗ್ಗಿದೆ.

"ಏಳು... ಒಂಬತ್ತನ್ನ... ಹೇಗೆ ಮುಟ್ಟುತ್ತೆ?"

ನನಗೆ ತಲೆಬುಡ ತಿಳಿಯಲಿಲ್ಲ. ಅವಳೇ ಸ್ಕೇಲು ಎತ್ತಿಕೊಂಡು ಗೆರೆಯ ಈ ತುದಿಯಿಂದ ಮೂರು, ಆ ತುದಿಯಿಂದ ನಾಲ್ಕು ಅಳೆದು, ನಡುವೆ ಉಳಿದ ಜಾಗದ ಮೇಲೆ ಬೆರಳು ಕುಟ್ಟಿದಳು. ಆಗ ಹೊಳೆಯಿತು. ಎರಡು ಚಿಕ್ಕ ಬಾಹುಗಳು ನೆಲಕ್ಕೆ ಮಲಗಿದರೂ ಒಂದಕ್ಕೊಂದು ಎಟುಕುವುದಿಲ್ಲ, ಇನ್ನು ಮೇಲೆದ್ದು ಕೂಡುವುದೆಲ್ಲಿ! ಅಂಥ ತ್ರಿಕೋನ ಲೋಕದಲ್ಲೇ ಇಲ್ಲ. ಇಲ್ಲದ್ದನ್ನು ಎಳೆ ಎಂದು ಅವಳು ಅಳುವಂತೆ ಮಾಡಿದ್ದೆ ನಾನು, ಶತದಡ್ಡ.

"ಬುದ್ಧಿ... ಇದೆಯೇನ್ರೀ... ನಿಮಗೆ?"

ಅವಳ ಮುಖ ಕೋಪದಿಂದ ಕೆಂಪಾಗಿತ್ತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಇಲ್ಲ ಕಣೇ" ಎಂದೆ. "ಒಂಚೂರೂ ಇಲ್ಲ."