ಮಾನ್ವಿಗೆ ಹೋಗುವ ಬಸ್ಸಿಗೆ ನಾನು ‘ನೋ’ ಅಂದದ್ದು

ಗೆಳೆಯರೇ, ಇವತ್ತೊಂದು ದಿನ ಯಾರೂ ನನ್ನನ್ನು ಇಂಗ್ಲಿಷ್ ಮಾಸ್ತರ ಎಂದು ಕರೆಯಬೇಡಿ.

ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರು ಬಸ್ಸು ಹೊರಡುತ್ತಿತ್ತು. ಯಾವುದೋ ಹೊರರಾಜ್ಯದ ತಾಯಿಯೊಬ್ಬರು ಕೂಸನ್ನೆತ್ತಿಕೊಂಡು ಓಡಿ ಬಂದು, “ಈಸ್ ಇಟ್ ಗೋಯಿಂಗ್ ಟು ಮಾನ್ವಿ?” ಎಂದು ಕೇಳಿದರು. ಆ ‘ಟು’ ನನ್ನ ಕಿವಿಗೆ ಚುಚ್ಚಿತು. ಬಸ್ಸು ಹೋಗುವುದು ಸಿಂಧನೂರಿಗೆ, ಮಾನ್ವಿ ನಡುವೆ ಬರುವ ಊರು. “ನೋ ಮೇಡಂ, ನಾಟ್ ಟು ಮಾನ್ವಿ...” ಎಂದೆ. ಮುಂದೆ ‘ಥ್ರೂ’ ಅನ್ನಬೇಕೋ ‘ಪಾಸ್ಟ್’ ಅನ್ನಬೇಕೋ ಎಂದು ತೂಗುತ್ತಿರುವಾಗಲೇ ಅವರು ‘ನೋ’ ಒಂದನ್ನೇ ಹಿಡಿದು ಹಿಂದೆ ಸರಿದರು. ಬಸ್ಸು ಹೋಯಿತು. ಕೂಸು ಅಳತೊಡಗಿತು.

ದೇವದುರ್ಗದ ಬಸ್ಸಿಗೆ ಕಾಯುತ್ತ ನನ್ನ ಹತ್ತನೇ ತರಗತಿಯ ಶರಣಮ್ಮ ಅಲ್ಲೇ ನಿಂತಿದ್ದಳು. ನಾಚಿಕೆಗೆ ಅವಳ ಮೇಲೆಯೇ ರೇಗಿದೆ: “ನಿನಗ ಗೊತ್ತಿತ್ತಲ್ಲ, ಯೆಸ್ ಅನ್ನಾಕ ಏನಾಗಿತ್ತು?”

“ಅನ್ನಾಕತ್ತಿದ್ನಿರಿ ಸರ್. ನೀವು ಬಾಜೂಕ ಇದ್ರಲ್ರಿ. ತಪ್ಪಾದ್ರ ಎಲ್ಲಾರ ಮುಂದ ನಿಂದ್ರಸ್ತೀರಿ ಅಂತ ಸುಮ್ನಾದ್ನಿರಿ.”

ಮುಂದಿನ ಸಿಂಧನೂರು ಬಸ್ಸು ಬಂದಾಗ ಆ ತಾಯಿ ನನ್ನನ್ನು ಬಿಟ್ಟು ಶರಣಮ್ಮನನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಜಾಹೀರಾತು ಓದುವವನಂತೆ ಬೆನ್ನು ತಿರುಗಿಸಿದೆ.

“ಯೆಸ್ ಯೆಸ್, ಮಾನ್ವಿ ಗೋಯಿಂಗ್, ಕಮ್ ಕಮ್!” ಎಂದು ಕೂಗಿ, ಅವರನ್ನು ಬಸ್ಸು ಹತ್ತಿಸಿಯೇ ಬಿಟ್ಟಳು.

ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಇಲ್ಲಿಯವರೆಗೂ ಆಗದ ಪಾಠ, ಇವತ್ತು ಬೆನ್ನು ತಿರುಗಿಸಿದ್ದಕ್ಕೆ ಆಯಿತು.