ಸೆಲ್ ತೆಗೆದಿಟ್ಟ ಒಂದು ಗಂಟೆ

ಮುಲುಂಡ್ ಸ್ಟೇಷನ್ನಿನ ಬ್ರಿಜ್ ಮೇಲೆ ನಮ್ಮವರು ಬಿದ್ದರು. ಟಿಫಿನ್ ಡಬ್ಬಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಮನೆಗೆ ಕರೆತಂದ ನೆರೆಯವರ ಎದುರಿಗೆ, "ಏನಿಲ್ಲ, ಕಣ್ಣಿಗೆ ಕತ್ತಲಿ ಬಂತು, ಅಷ್ಟ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಕತ್ತಲೆ ಓಡುವ ಲೋಕಲ್ ರೈಲಿನ ಬಾಗಿಲಲ್ಲಿ ಬಂದಿದ್ದರೆ?

ಇಸಿಜಿ ನಾರ್ಮಲ್ ಬಂತು. ಹೃದಯದ ಬಡಿತ ತಪ್ಪುವ ಹೊತ್ತಿನಲ್ಲೇ ಅದನ್ನು ಹಿಡಿಯಬೇಕು ಎಂದರು ಡಾಕ್ಟರ್. ಎದೆಗೆ ವೈರು ಅಂಟಿಸಿ, ಸೊಂಟಕ್ಕೆ ಹೋಲ್ಟರ್ ಎಂಬ ಟೇಪ್ ರೆಕಾರ್ಡರ್ ಕಟ್ಟಿ ಕಳಿಸಿದರು. ಒಂದು ದಿನವಿಡೀ ಎದೆಬಡಿತವನ್ನು ಬರೆದುಕೊಳ್ಳುವ ಯಂತ್ರ. ನಡೆಯುವುದು ಸೆಲ್ ಮೇಲೆ.

ನಾನು ಧಾರವಾಡದವಳು. ವಾರ್ತೆ ಮುಗಿದ ಕೂಡಲೇ ಟ್ರಾನ್ಸಿಸ್ಟರಿನ ಸೆಲ್ ತೆಗೆದಿಡುವುದು ನಮ್ಮ ಮನೆಯ ರೂಢಿ. ಮಧ್ಯಾಹ್ನ ಊಟವಾಗಿ ಅವರು ಮಲಗಿದರು. ಮಲಗಿದ ಮನುಷ್ಯನದು ಬರೆದುಕೊಳ್ಳುವುದೇನಿದೆ, ನಾಳೆಯವರೆಗೆ ಸೆಲ್ ಬರಬೇಕಲ್ಲ ಎಂದುಕೊಂಡು ಮೆಲ್ಲಗೆ ಮುಚ್ಚಳ ಸರಿಸಿ ಸೆಲ್ ತೆಗೆದೆ. ನನ್ನ ಜಾಣತನಕ್ಕೆ ನಾನೇ ಶಭಾಸ್ ಅಂದುಕೊಂಡೆ.

ಒಂದು ಗಂಟೆಯ ಮೇಲೆ ಎದ್ದು ನಿಂತವರು ಹಾಗೇ ಗೋಡೆಗುಂಟ ಜಾರಿ ಕುಸಿದರು.

ಸೆಲ್ ಇನ್ನೂ ಕಪಾಟಿನ ಮೇಲಿತ್ತು.

ಅವರು ಚೇತರಿಸಿಕೊಂಡ ಮೇಲೆ ಅಳುತ್ತಲೇ ಎಲ್ಲ ಹೇಳಿದೆ. ಮರುದಿನ ಟೇಪು ಒಂದು ಗಂಟೆ ನಿಂತಿದ್ದುದನ್ನು ಕಂಡು ಡಾಕ್ಟರ್ ಮರಾಠಿಯಲ್ಲಿ ಕೇಳಿದರು, ಸೆಲ್ ತೆಗೆದವರು ಯಾರು? "ಮೀಚ್," ನಾನೇ, ಎಂದುಬಿಟ್ಟರು ನಮ್ಮವರು! ರಜೆಗಾಗಿ ಕೂಡ ಎಂದೂ ಸುಳ್ಳು ಹೇಳದ ಮನುಷ್ಯ. ನನಗೆ ತಡೆಯಲಾಗಲಿಲ್ಲ.

"ಸುಳ್ಳ ಹೇಳಾಕತ್ತಾರ್ರೀ, ತಗದಾಕಿ ನಾನು!"

ಡಾಕ್ಟರಿಗೆ ಕನ್ನಡ ಬಾರದಿದ್ದರೂ ವಿಷಯ ತಿಳಿಯಿತು. ಬಯ್ಯಲಿಲ್ಲ. ಆದರೆ ಯಂತ್ರಕ್ಕಾಗಿ ಬೇರೆ ರೋಗಿಗಳೂ ಕಾಯುತ್ತಿದ್ದರು. ನಮ್ಮ ಸರದಿ ಮತ್ತೆ ಬರಲು ಎಂಟು ದಿನ.

ಆ ಎಂಟು ದಿನ ಅವರನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಿದ್ದೆ. ಉತ್ತರ ಒಂದು ಕ್ಷಣ ತಡವಾದರೆ ಬಾಗಿಲು ಬಡಿಯುತ್ತಿದ್ದೆ. ಇವರಿಗೆ ಏನಾದರೂ ಆದರೆ ಕೊಂದವಳು ನಾನೇ ಎಂಬುದೊಂದೇ ಯೋಚನೆ.

ಎರಡನೇ ಟೇಪಿನಲ್ಲಿ ಸಿಕ್ಕಿತು. ನಡುವೆ ನಾಲ್ಕು ಸೆಕೆಂಡು ಹೃದಯ ನಿಂತೇ ಇತ್ತು. ಪೇಸ್‌ಮೇಕರ್ ಹಾಕಿದರು. ಮುಂದೆ ಎಂದಾದರೂ ಸೆಲ್ ತೀರಿದಾಗ ಅದನ್ನು ಬದಲಿಸಬೇಕಾಗುತ್ತದಂತೆ. ಆಗಲಿ. ಇವತ್ತಿಗೆ ನಡೆದಿದೆ, ಆ ದೇವರ ದಯೆ, ಆ ಡಾಕ್ಟರರ ಪುಣ್ಯ.

ಇವತ್ತು ಬೆಳಿಗ್ಗೆ ಮೊದಲ ಸಲ ಒಬ್ಬರೇ ಆಫೀಸಿಗೆ ಹೊರಟರು. ಬಿಲ್ಡಿಂಗಿನ ಗೇಟು ದಾಟುವಾಗ ನನಗರಿವಿಲ್ಲದೆ "ರೀ" ಎಂದು ಕೂಗಿಬಿಟ್ಟೆ.

ತಿರುಗಿ ನಿಂತು ರೇಗಿದರು: "ಹೊಂಟಾಗ ಹಿಂದಿಂದ ಕರೀಬ್ಯಾಡಂತ ಎಷ್ಟ ಸರ್ತೆ ಹೇಳಬೇಕು ನಿನಗ? ಏನು?"

"ಏನಿಲ್ರಿ, ಹೋಗಿ ಬರ್ರಿ" ಎಂದೆ. ಆ ಬೈಗುಳ ಕೇಳಿ ನನ್ನ ಹೊಟ್ಟೆ ತಣ್ಣಗಾಗಿತ್ತು.