ರಾಚಣ್ಣ ಸಾವಕಾರರು ಕುಳಿತ ಪಂಕ್ತಿ

ಫೋಟೊ ತೆಗೆಯುವವನನ್ನು ಕಂಡೊಡನೆ ಕುರ್ಚಿ ಬಿಟ್ಟು ನೆಲಕ್ಕಿಳಿಯುತ್ತಿದ್ದವರು ನನ್ನ ದೀರ್ಘ ಬಾಳಿನಲ್ಲಿ ಒಬ್ಬರೇ: ಶಹಾಬಾದದ ಪರ್ಸಿ ಕಲ್ಲಿನ ವ್ಯಾಪಾರಿ ರಾಚಣ್ಣ ಸಾವಕಾರರು. ಆಳಿನ ಹೆಗಲು ಹಿಡಿದು, ಮೊಣಕಾಲುಗಳನ್ನು ಶಪಿಸುತ್ತ, ತಾವೇ ಮಾರುವ ಹಾಸುಗಲ್ಲಿನ ಮೇಲೆ ಆ ಸ್ಥೂಲ ದೇಹವನ್ನು ಇಳಿಬಿಟ್ಟರೆಂದರೆ ಮುಖದಲ್ಲಿ ಒಂದು ದೈನ್ಯದ ನಗೆ ಮೂಡುತ್ತಿತ್ತು. ಫೋಟೊ ಮುಗಿದೊಡನೆ ನಗೆಯೂ ಮುಗಿಯುತ್ತಿತ್ತು. ಅವರನ್ನು ಎತ್ತಿ ನಿಲ್ಲಿಸುವ ಆಳುಗಳಿಗೆ ದೊರೆಯುತ್ತಿದ್ದುದು ಬೈಗುಳ. ಅವರ ಅಂಗಳದಲ್ಲಿ ಕಲ್ಲು ಹೊರುವ ಹೆಂಗಸರು ಅವರೆದುರು ಕೂಡುವಂತಿರಲಿಲ್ಲ.

ಚಿತ್ತಾಪುರದ ಒಂದು ಸನ್ಮಾನದಲ್ಲಿ ಮತ್ತೊಬ್ಬ ವ್ಯಾಪಾರಿಯನ್ನು ಯಾರೋ 'ಡೌನ್ ಟು ಅರ್ತ್' ಎಂದು ಹೊಗಳಿದರಂತೆ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ನಮ್ಮ ಮಠದ ದಾಸೋಹದ ಅಂಗಳಕ್ಕೆ ಅವರು ಪರ್ಸಿ ಹಾಸಿಸಿಕೊಟ್ಟದ್ದಕ್ಕೆ ಗೋಡೆಯಲ್ಲೊಂದು ಶಿಲಾಫಲಕ ನಿಲ್ಲುವುದಿತ್ತು. ಅದರ ಒಕ್ಕಣೆ ಬರೆಯುವ ಸೇವೆ ನನ್ನ ಪಾಲಿಗೆ ಬಂದಿತ್ತು.

"ಮಾಸ್ತರ, ಆ ಡೌನ್ ಟು ಅರ್ತ್ ಒಂದು ಹಾಕಿಬಿಡ್ರಿ. ಭಾಳ ವಜನ್ ಬರ್ತದ," ಎಂದರು.

"ಅದರ ಅರ್ಥ ಗೊತ್ತದ ಏನ್ರಿ?"

"ಗೊತ್ತಿಲ್ದ ಏನ್ರಿ? ನೆಲಕ್ಕ ಕುಂದ್ರೋ ದೊಡ್ಡ ಮನಷ್ಯಾ ಅಂತ!"

ಕಲ್ಲಿನಲ್ಲಿ ಕೊರೆದ ಸುಳ್ಳು ಗುರುವಿನ ಗೋಡೆಯ ಮೇಲೆ ತಲೆಮಾರುಗಳ ಕಾಲ ನಿಲ್ಲುತ್ತದೆ. ಆದುದರಿಂದ ಒಂದು ಮಾತು ಕೇಳಿಕೊಂಡೆ: ಸೋಮವಾರದ ಪಂಕ್ತಿಯಲ್ಲಿ ಕೊನೆಯ ಸಾಲಿಗೆ ಕುಳಿತು, ಎಲ್ಲರೊಂದಿಗೆ ಉಂಡು, ಎಲ್ಲರೊಂದಿಗೆ ಏಳಬೇಕು. ನಿಜವಾಗಿ ಹಾಗೆ ಉಂಡು ಎದ್ದರೆ ಸಂತೋಷದಿಂದ ಬರೆಯುವವನಿದ್ದೆ.

ಬಂದರು, ಫೋಟೊದವನನ್ನೂ ಕರೆತಂದರು. ಪಕ್ಕದಲ್ಲಿ ಅವರದೇ ಅಂಗಳದ ಕೂಲಿ, ಮುದುಕಿ ಭೀಮಬಾಯಿ, ಸೆರಗು ಎಳೆದುಕೊಂಡು ಮುದುಡಿ ಕುಳಿತಳು. ಎಲೆಗೆ ಗೋಧಿ ಹುಗ್ಗಿ ಬಿತ್ತು. ಸಾವಕಾರರು ಒಂದು ತುತ್ತು ಎತ್ತಿ, ಬಾಯಿಯ ಬಳಿ ಹಿಡಿದು ಕಾದರು.

"ಆತೇನಪಾ?"

"ಆತ್ರಿ ಸಾವಕಾರ್ರ."

ತುತ್ತನ್ನು ಎಲೆಗಿಟ್ಟು ಎದ್ದುಬಿಟ್ಟರು.

ನಮ್ಮ ಮಠದ ಪಂಕ್ತಿಯಲ್ಲಿ ಒಬ್ಬರು ನಡುವೆ ಎದ್ದರೆ ಉಳಿದವರು ಮತ್ತೆ ಎಲೆಗೆ ಕೈಯಿಡುವುದಿಲ್ಲ. ಅವರಿಗಿದು ತಿಳಿಯದ್ದಲ್ಲ; ನೆನಪಾಗಲಿಲ್ಲ, ಅಷ್ಟೆ. ಸಾಲಿಗೆ ಸಾಲೇ ಕೈ ಹಿಂದಕ್ಕೆಳೆದುಕೊಂಡಿತು. ಪ್ರಸಾದವನ್ನು ಎಲೆಯಲ್ಲಿ ಬಿಟ್ಟ ಆ ಮಹಾನುಭಾವರು ಕೈ ತೊಳೆದು ನೇರ ನನ್ನ ಬಳಿ ಬಂದರು.

"ಕುಂತೆನಲ್ರಿ ಮಾಸ್ತರ? ಇನ್ನ ಬರೀರಿ."

"ಕುಂತಿದ್ರಿ, ಖರೆ. ಆ ಮಾತು, ನೆಲಕ್ಕ ಕುಂತದ್ದನ್ನ ತಾವ ಮರತವರಿಗೆ ಬರೀತಾರ್ರಿ. ನಿಮಗ ಫೋಟೊ ಸಾಕು."

"ನಿಮಗ ಇಂಗ್ಲಿಷ್ ಬರಂಗಿಲ್ಲ ಬಿಡ್ರಿ," ಎಂದು ಅವರು ಹೊರಟುಹೋದರು. ಅದೇ ನಮ್ಮ ಕೊನೆಯ ಭೇಟಿ.

ಹೋದ ವರ್ಷ ಅವರು ಲಿಂಗೈಕ್ಯರಾದರು. ಫಲಕ ಬಂದಿದೆ; ಆ ಮಾತೂ ಅದರಲ್ಲಿದೆ, ಬೇರೆ ಯಾರದೋ ಕೈಯಿಂದ. ಮೊನ್ನೆ ಪಂಕ್ತಿ ಮುಗಿದ ಮೇಲೆ ಭೀಮಬಾಯಿ ಅದರೆದುರು ನಿಂತಿದ್ದಳು.

"ಏನ್ ಬರದಾರ್ರಿ ಯಪ್ಪಾ ಅದರಾಗ?"

"ಸಾವಕಾರ್ರು ದೊಡ್ಡಸ್ತಿಕೆ ಇಲ್ದ ನಿಮ್ಮ ಜೋಡಿ ನೆಲಕ್ಕ ಕುಂದ್ರತಿದ್ರು ಅಂತ."

ಮುದುಕಿ ನೆನಪು ಮಾಡಿಕೊಂಡಳು.

"ಹೌದ್ರಿ, ಒಂದಿನ ಕುಂತಿದ್ರು. ಅವತ್ತು ಉಪಾಸ ಎದ್ದೀನ್ರಿ ನಾ."